ಸೈಕಲ್ಲಿನಿಂದ ಇಳಿಯುವ ಬಗ್ಗೆ

ಇಲಾಖಾ ನಿರ್ದೇಶಕರ ಕಚೇರಿ
ಎರಡನೇ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ)

ಸಂಖ್ಯೆ: ಸೈ.ಉ.ಶಾ/ಏರಿಳಿ/ಸಾಮಾನ್ಯ/೪೭(ಬಿ)
ದಿನಾಂಕ: ಸಹಿಯಾದ ದಿನ

ಸುತ್ತೋಲೆ

ವಿಷಯ: ದೈನಂದಿನ ಸಂಚಾರಕ್ಕೆ ಸೈಕಲ್ ಬಳಕೆಯನ್ನು ಉತ್ತೇಜಿಸುವ ಸರ್ಕಾರದ ನೀತಿಯನ್ವಯ, ಸಿಬ್ಬಂದಿಯು ಸೈಕಲ್ ಏರುವ, ತುಳಿಯುವ ಮತ್ತು ವಿಶೇಷವಾಗಿ ಇಳಿಯುವ ಬಗ್ಗೆ.

ಉಲ್ಲೇಖ:
೧. ಸರ್ಕಾರದ ಸೈಕಲ್ ಉತ್ತೇಜನಾ ನೀತಿ.
೨. ಈ ಕಚೇರಿಯ ಸುತ್ತೋಲೆ, ‘ಏರುವ ಬಗ್ಗೆ’.
೩. ಸ್ಪಷ್ಟೀಕರಣ, ‘ತಳ್ಳುವ ಬಗ್ಗೆ’.
೪. ಕ್ರ.ಸಂ. ೩ರ ಸ್ಪಷ್ಟೀಕರಣದಿಂದ ಉಂಟಾದ ಗೊಂದಲದ ಬಗ್ಗೆ ಸ್ಪಷ್ಟೀಕರಣ (ಹಿಂಪಡೆಯಲಾಗಿದೆ, ಹಿಂಪಡೆದ ಆದೇಶ ಕಡತದಲ್ಲಿ ಕಂಡುಬರುತ್ತಿಲ್ಲ).
೫. ರವಾನೆ ಶಾಖೆಯ ಗುಮಾಸ್ತೆಯವರ ಮೌಖಿಕ ಹೇಳಿಕೆ.

*

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸಿಬ್ಬಂದಿಯು ಸೈಕಲ್ ಏರುವ ಬಗ್ಗೆ ಈಗಾಗಲೇ ವಿವರವಾದ ಸೂಚನೆಗಳನ್ನು ನೀಡಲಾಗಿದ್ದು, ಏರಿದವರು ಇಳಿಯುವ ಬಗ್ಗೆ ಯಾವುದೇ ಸೂಚನೆ ಇಲ್ಲದಿರುವುದು ಇತ್ತೀಚಿನ ಘಟನೆಯೊಂದರಿಂದ ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಏರಿದವರು ತಾವಾಗಿಯೇ ಇಳಿಯುತ್ತಾರೆಂಬ ನಂಬಿಕೆಯ ಮೇಲೆ ಹಿಂದಿನ ಸುತ್ತೋಲೆಯನ್ನು ಸಿದ್ಧಪಡಿಸಲಾಗಿತ್ತು. ಸದರಿ ನಂಬಿಕೆಗೆ ಆಧಾರವಿರಲಿಲ್ಲ. ಆದುದರಿಂದ ಘಟನೆಯ ಪೂರ್ವಾಪರವನ್ನೂ, ಅದರಿಂದ ಹುಟ್ಟಿದ ನಿಯಮಗಳನ್ನೂ ಎಲ್ಲರ ತಿಳಿವಳಿಕೆಗಾಗಿ ಈ ಕೆಳಗೆ ದಾಖಲಿಸಲಾಗಿದೆ.

೧. ಉಲ್ಲೇಖ (೨)ರಲ್ಲಿ, ಜನರಿಗೆ ಮಾದರಿಯಾಗುವ ಸಲುವಾಗಿ ಸಿಬ್ಬಂದಿಯೆಲ್ಲರೂ ಕಚೇರಿಗೆ ‘ಸೈಕಲ್ ಸಮೇತ’ ಬರತಕ್ಕದ್ದೆಂದು ಆದೇಶಿಸಲಾಗಿತ್ತು. ‘ಸೈಕಲ್ ಮೇಲೆ’ ಎಂದು ಬರೆಯಲಾಗಿದ್ದ ಕರಡನ್ನು ‘ಸೈಕಲ್ ಸಮೇತ’ ಎಂದು ತಿದ್ದಲು ಕಾರಣವೇನೆಂದರೆ, ಮಾನ್ಯ ನಿರ್ದೇಶಕರ ಸೈಕಲ್ಲು ಅವರ ಕಾರಿನ ನೆತ್ತಿಯ ಮೇಲೆ ಹಗ್ಗ ಕಟ್ಟಿಸಿಕೊಂಡು ಬರುತ್ತದೆ. ಕಾರು ಕೆಳಗಿದ್ದು ಸೈಕಲ್ಲು ಮೇಲಿರುವುದರಿಂದ ಇದು ನೀತಿಯ ಆಶಯಕ್ಕೆ ಹೆಚ್ಚು ಹತ್ತಿರವಾಗಿದೆ ಎಂದು ಪರಿಗಣಿಸಲಾಗಿದೆ.

೨. ಸಮೇತ ಎಂಬ ಪದವನ್ನು ಅಕ್ಷರಶಃ ಪಾಲಿಸಿದವರು ರವಾನೆ ಶಾಖೆಯ ಗುಮಾಸ್ತೆ. ಕಚೇರಿಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಇವರನ್ನು ‘ರವಾನೆ ಅಕ್ಕ’ ಎಂದು ಕರೆಯುತ್ತಾರೆ. ನಿರ್ದೇಶಕರೂ ಒಮ್ಮೊಮ್ಮೆ ಮರೆತು ಹಾಗೆಯೇ ಕರೆದು, ಅನಂತರ ಕೆಮ್ಮುತ್ತಾರೆ. ವಯಸ್ಸು ಐವತ್ತು ದಾಟಿದೆ. ಕೆಲಸ, ಹೊರಹೋಗುವ ಪತ್ರಗಳನ್ನು ಲಕೋಟೆಗೆ ಹಾಕಿ, ಅಂಟಿಸಿ, ವಿಳಾಸ ಬರೆಯುವುದು. ಕುಳಿತುಕೊಳ್ಳುವ ಜಾಗ, ಬೀದಿಯ ಕಡೆಯ ಕಿಟಕಿ. ನೌಕರಿಗೆ ಸೇರಿದಂದಿನಿಂದ ಅದೇ ಕಿಟಕಿ.

೩. ರವಾನೆ ಅಕ್ಕನವರಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಆದರೂ ಆದೇಶ ಆದೇಶವೇ ಎಂದು, ಮದುವೆಯಾಗಿ ಹೋದ ಮಗಳ ಹಳೆಯ ಸೈಕಲ್ಲನ್ನು ಹಿತ್ತಿಲಿನಿಂದ ಹೊರತೆಗೆದರು. ಅಲ್ಲಿಯವರೆಗೆ ಅದು ಒದ್ದೆ ಟವೆಲ್ ಒಣಹಾಕಲು ಬಳಕೆಯಲ್ಲಿತ್ತು. ಹ್ಯಾಂಡಲ್ ಹಿಡಿದು, ಮನೆಯಿಂದ ಕಚೇರಿಗೂ ಕಚೇರಿಯಿಂದ ಮನೆಗೂ ಅದನ್ನು ಪ್ರತಿದಿನ ನಡೆಸಿಕೊಂಡು ಬಂದರು, ಹೋದರು. ಮೊದಲು ಬರಿಗೈಲಿ ನಡೆದು ಬರುತ್ತಿದ್ದವರಿಗೆ ಈಗ ಸಾಕಲು ಒಂದು ಜೀವ ಸಿಕ್ಕಂತಾಗಿತ್ತು.

೪. ಲೆಕ್ಕಶಾಖೆಯ ಗುಮಾಸ್ತರು ಇದನ್ನು ಕಂಡು, “ಏನಕ್ಕಾ, ಸೈಕಲ್ಲಿಗೆ ದಾರಿ ಗೊತ್ತಿಲ್ವಾ? ದಿನಾ ಕೈ ಹಿಡ್ಕೊಂಡೇ ಕರ್ಕೊಂಡ್ ಬರ್ತೀರಲ್ಲ!” ಎಂದು ಕೇಳಿದ್ದು, ಹಾಜರಿದ್ದ ಸಿಬ್ಬಂದಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿರುತ್ತಾರೆ. ರವಾನೆ ಅಕ್ಕನವರೂ ನಕ್ಕರು. ಅನಂತರ ತಮ್ಮ ಮೇಜಿಗೆ ಹೋಗಿ ಒಂದೇ ಲಕೋಟೆಗೆ ಎರಡು ಸಲ ಅಂಟು ಹಚ್ಚಿದರೆಂದು, ಪಕ್ಕದಲ್ಲಿ ಕುಳಿತ ಟೈಪಿಸ್ಟ್ ತಿಳಿಸಿರುತ್ತಾರೆ. ಸದರಿ ಪ್ರಶ್ನೆಯ ಫಲವಾಗಿ ಉಲ್ಲೇಖ (೩) ಹೊರಬಿದ್ದು, ‘ತಳ್ಳುವಿಕೆಯು ತುಳಿಯುವಿಕೆಯ ಅರ್ಧಭಾಗ’ವೆಂದೂ, ತಳ್ಳಿಕೊಂಡು ಬಂದವರು ಅರ್ಧ ಬಂದಂತೆಯೆಂದೂ ಘೋಷಿಸಲಾಯಿತು. ಉಳಿದರ್ಧ ಎಲ್ಲಿದೆ ಎಂಬ ಬಗ್ಗೆ ಉಲ್ಲೇಖ (೪)ರಲ್ಲಿ ಚರ್ಚಿಸಲಾಗಿತ್ತು.

೫. ಈ ಮಧ್ಯೆ, ಕಚೇರಿಯ ಮುಂದಿನ ರಸ್ತೆಯಲ್ಲಿ ಹೊಸದಾಗಿ ಹಸಿರು ಬಣ್ಣ ಬಳಿದ ಸೈಕಲ್ ಪಥದ ಉದ್ಘಾಟನೆ ನಿಗದಿಯಾಯಿತು. ಪಥವು ಕಚೇರಿಯ ಒಂದನೇ ಗೇಟಿನಿಂದ ಹೊರಟು ಎರಡನೇ ಗೇಟಿಗೆ ಮುಗಿಯುತ್ತದೆ. ನಡುವೆ ಒಂದು ವಿದ್ಯುತ್ ಕಂಬವಿದ್ದು, ಕಂಬವು ಬೇರೆ ಇಲಾಖೆಯದಾದ ಕಾರಣ ಅದನ್ನೂ ಹಸಿರು ಬಳಿದು ಪಥಕ್ಕೆ ಹೊಂದಿಸಲಾಗಿದೆ. ಮಾನ್ಯ ಅತಿಥಿಗಳ ಎದುರು ಸಿಬ್ಬಂದಿಯೆಲ್ಲರೂ ಸದರಿ ಪಥದಲ್ಲಿ ತುಳಿದು ತೋರಿಸತಕ್ಕದ್ದೆಂದೂ, ತುಳಿಯಲು ಬಾರದವರನ್ನು ನೆಲಮಾಳಿಗೆಯ ಹಳೇ ಕಡತಗಳ ಕೊಠಡಿಗೆ ಕಾಯಂ ಆಗಿ ನಿಯೋಜಿಸಲಾಗುವುದೆಂದೂ ಸೂಚಿಸಲಾಯಿತು. ಸದರಿ ಕೊಠಡಿಗೆ ಕಿಟಕಿ ಇರುವುದಿಲ್ಲ.

೬. ಸೂಚನೆಯನ್ನು ಓದಿದ ರವಾನೆ ಅಕ್ಕನವರು ತಮ್ಮ ಕಿಟಕಿಯ ಕಡೆ ಒಮ್ಮೆ ನೋಡಿರುತ್ತಾರೆ. ಅಂದು ಸಂಜೆ ಮನೆಗೆ ಹೋದವರೇ ಪತಿಗೆ, “ನಂಗೆ ಸೈಕಲ್ ಕಲಿಸಿ” ಎಂದರು.

ಪತಿ ವೃತ್ತಿಯಿಂದ ದರ್ಜಿ. ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಬೀದಿಗೆ ಬಂದು, ಸೀಟಿನ ಹಿಂಭಾಗವನ್ನು ಎರಡೂ ಕೈಯಿಂದ ಭದ್ರವಾಗಿ ಹಿಡಿದರು. ರವಾನೆ ಅಕ್ಕ ತುಳಿದರು. ಪತಿ ಹಿಂದೆ ಓಡಿದರು. ಮರುದಿನವೂ ತುಳಿದರು, ಮರುದಿನವೂ ಓಡಿದರು. ಕಲಿಯುವವರು ಬೀಳುವುದೂ ಇಲ್ಲ, ಕಲಿಯುವುದೂ ಇಲ್ಲ ಎಂಬ ಸ್ಥಿತಿ ಉಂಟಾಯಿತು.

“ಸ್ವಲ್ಪ ಬಿಡ್ರೀ, ನೋಡೋಣ.”

“ಬಿಟ್ರೆ ಬೀಳ್ತೀಯ ಕಣೇ.”

“ಬಿದ್ರೆ ಬೀಳ್ತೀನಿ. ನೀವು ಬಿಡ್ದೆ ಇದ್ರೆ ನಾನು ಕಲಿಯೋದು ಯಾವಾಗ?”

“ನಾಳೆ ಬಿಡ್ತೀನಿ,” ಎಂದರು ಪತಿ. ಮರುದಿನವೂ ಇದೇ ಉತ್ತರವನ್ನು ನೀಡಿ ವಿಷಯವನ್ನು ಮುಂದೂಡಿರುತ್ತಾರೆ. ಈ ವಿಧಾನವು ಇಲಾಖೆಗೆ ಅಪರಿಚಿತವಲ್ಲ.

೭. ಹೊಸ್ತಿಲ ಬಳಿ ಕುಳಿತು ಪ್ರತಿಸಂಜೆ ಇದನ್ನು ನೋಡುತ್ತಿದ್ದವರು ದರ್ಜಿಯ ತಾಯಿ, ಅಂದರೆ ರವಾನೆ ಅಕ್ಕನವರ ಅತ್ತೆ. ಕಣ್ಣು ಮಂಜು, ದನಿ ಖಡಕ್ಕು. ಸೊಸೆ ಮನೆಗೆ ಬಂದಂದಿನಿಂದ ಇವರಿಬ್ಬರ ನಡುವೆ ಬೇಕಾದ ಮಾತಿಗಿಂತ ಹೆಚ್ಚು ಮಾತು ನಡೆದದ್ದಿಲ್ಲ. ಅಂದು ಸಂಜೆ ಬೀದಿಯ ನಡುವೆ ಸೈಕಲ್ಲು, ಸೊಸೆ ಮತ್ತು ಮಗ ಎಂದಿನಂತೆ ಒಂದೇ ಗಂಟಾಗಿ ಹೋಗುತ್ತಿರಲು, ಅವರು ಕುಳಿತಲ್ಲಿಂದಲೇ ಕೂಗಿದರು:

“ಲೋ! ಬಿಡೋ ಅವಳನ್ನ!”

ದರ್ಜಿ ತಿರುಗಿ, “ಅಮ್ಮಾ, ಬೀಳ್ತಾಳಮ್ಮಾ,” ಎಂದರು.

“ನಿನ್ನ ಕಟ್ಕೊಂಡು ಇಷ್ಟು ವರ್ಷ ಬೀಳ್ಲಿಲ್ಲ, ಈಗ ಬೀಳ್ತಾಳಾ? ಬಿಡೋ ಅಂದೆ!”

ತಾಯಿಯ ಮಾತು ಮೀರಿ ಅಭ್ಯಾಸವಿಲ್ಲದ ದರ್ಜಿಯ ಕೈಗಳು ತಾವಾಗಿಯೇ ಬಿಟ್ಟವು. ಸೈಕಲ್ಲು ಒಮ್ಮೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಅನಂತರ ತನ್ನ ಪಾಡಿಗೆ ತಾನು ನೆಟ್ಟಗೆ ಹೊರಟಿತು. ಹಿಂದೆ ಓಡುವ ಚಪ್ಪಲಿಯ ಸದ್ದು ನಿಂತುಹೋದದ್ದು ರವಾನೆ ಅಕ್ಕನವರ ಕಿವಿಗೆ ಬಿತ್ತು. ಭಯವಾಯಿತೇ ಎಂದು ನಂತರದ ವಿಚಾರಣೆಯಲ್ಲಿ (ಕಂಡಿಕೆ ೧೩) ಕೇಳಲಾಗಿದ್ದು, “ಭಯ ಆಯ್ತು ಸಾರ್. ಆದ್ರೆ ಅದು ನಂದೇ ಭಯ, ಬೇರೆಯವ್ರದ್ದಲ್ಲ” ಎಂದು ಉತ್ತರಿಸಿರುತ್ತಾರೆ. ಈ ಉತ್ತರವನ್ನು ಯಾವ ಕಲಂನಲ್ಲಿ ನಮೂದಿಸಬೇಕೆಂದು ತಿಳಿಯದೆ ಇಲ್ಲಿ ನಮೂದಿಸಲಾಗಿದೆ.

೮. ಬೀದಿಯ ತುದಿಯಲ್ಲಿ ಮನೆ ಕಟ್ಟಲು ಮರಳು ಸುರಿಯಲಾಗಿತ್ತು. ಸೈಕಲ್ಲು ಸದರಿ ಮರಳಿಗೆ ನುಗ್ಗಿ ನಿಂತಿತು. ಮುಂದಿನ ದಿನಗಳಲ್ಲಿಯೂ ರವಾನೆ ಅಕ್ಕನವರು ಏರುವುದನ್ನು ಪತಿಯ ನೆರವಿನಿಂದ, ತುಳಿಯುವುದನ್ನು ಸ್ವಂತವಾಗಿ, ಇಳಿಯುವುದನ್ನು ಮರಳಿನ ಸಹಾಯದಿಂದ ನಿರ್ವಹಿಸಿದರು. ಈ ಮೂಲಕ ಸ್ಪಷ್ಟಪಡಿಸುವುದೇನೆಂದರೆ, ಖಾಸಗಿ ಮರಳಿನ ರಾಶಿಯನ್ನು ಬ್ರೇಕ್ ಎಂದು ಪರಿಗಣಿಸತಕ್ಕದ್ದಲ್ಲ. ಇಲಾಖೆಯ ಮರಳಿನ ರಾಶಿಗೆ ಪ್ರಸ್ತಾವನೆ ಸಲ್ಲಿಸಲಾಗಿದೆ.

೯. ಉದ್ಘಾಟನೆಯ ದಿನ ಶಾಮಿಯಾನ ಹಾಕಿ, ಪಥದ ಬಾಯಿಗೆ ಕೆಂಪು ಟೇಪು ಕಟ್ಟಲಾಗಿತ್ತು. ಮಾನ್ಯ ಅತಿಥಿಗಳ ಕೈಗೆ ಕತ್ತರಿ ಕೊಟ್ಟು, ಮಾನ್ಯ ನಿರ್ದೇಶಕರು ಸೈಕಲ್ಲಿನ ಮಹತ್ವದ ಬಗ್ಗೆ ಮಾತನಾಡುತ್ತಿದ್ದರು. ನಿರ್ದೇಶಕರ ಸೈಕಲ್ಲನ್ನು ಕಾರಿನ ಮೇಲಿನಿಂದ ಇಳಿಸಲು ಚಾಲಕರು ಹಗ್ಗದ ಗಂಟು ಬಿಚ್ಚುತ್ತಿದ್ದರು. ಗಂಟು ಬಿಚ್ಚುವವರೆಗೆ ಭಾಷಣ ಮುಂದುವರಿಸುವ ಏರ್ಪಾಟಾಗಿತ್ತು. ಬಿಸಿಲು ಏರಿತು; ಗಂಟು ಬಿಗಿಯಾಗಿತ್ತು.

೧೦. ಸಿಬ್ಬಂದಿಯನ್ನು ಸೈಕಲ್ ಸಮೇತ ಸಾಲಾಗಿ ನಿಲ್ಲಿಸಲಾಗಿದ್ದು, ರವಾನೆ ಅಕ್ಕನವರು ಮೊದಲ ಸಾಲಿನಲ್ಲಿದ್ದರು. ನಿಂತ ಸೈಕಲ್ಲನ್ನು ಏರಲು ಅವರಿಗೆ ಬಾರದ ಕಾರಣ, ದರ್ಜಿಯವರು ಬೆಳಿಗ್ಗೆಯೇ ಬಂದು ಅವರನ್ನು ಏರಿಸಿ, ಹಿಂದಿನಿಂದ ಸೀಟು ಹಿಡಿದು ನಿಂತಿದ್ದರು. ಇಲಾಖೆಗೆ ಸೇರದ ವ್ಯಕ್ತಿಯೊಬ್ಬರು ಸಾಲಿನಲ್ಲಿ ನಿಂತಿರುವುದನ್ನು ಕಂಡ ಅಧೀಕ್ಷಕರು (ಈ ಸುತ್ತೋಲೆಗೆ ಸಹಿ ಮಾಡಿದವರು) ಧಾವಿಸಿ ಬಂದು, “ಯಾರ್ರೀ ನೀವು? ಬಿಡ್ರೀ ಸೈಕಲ್ನ!” ಎಂದು ಗದರಿದರು.

ದರ್ಜಿಯವರು ಬಿಟ್ಟರು.

೧೧. ರಸ್ತೆಗೆ ಅಲ್ಲಿ ಸಣ್ಣ ಇಳಿಜಾರಿದೆ. ಸೈಕಲ್ಲು ಹೊರಟಿತು. “ಅಕ್ಕಾ, ಬ್ರೇಕು! ಬ್ರೇಕ್ ಹಿಡೀರಿ!” ಎಂದು ಅಧೀಕ್ಷಕರು ಕೂಗಿದರು. ರವಾನೆ ಅಕ್ಕನವರು ಬೆಲ್ ಒತ್ತಿದರು. ಮಾನ್ಯ ನಿರ್ದೇಶಕರು ಮೈಕಿನ ಸಮೇತ ಪಕ್ಕಕ್ಕೆ ಸರಿದರು. ಕೆಂಪು ಟೇಪು ಕಿತ್ತುಬಂದು ಹ್ಯಾಂಡಲ್ಲಿಗೆ ಸುತ್ತಿಕೊಂಡಿತು. ರವಾನೆ ಅಕ್ಕನವರು ಹಸಿರು ಕಂಬವನ್ನು ಕೂದಲೆಳೆಯ ಅಂತರದಲ್ಲಿ ತಪ್ಪಿಸಿ, ಎರಡನೇ ಗೇಟಿನತ್ತ ಸಾಗಿದರು. ಗೇಟಿನ ಕಾವಲುಗಾರ ಬರುತ್ತಿರುವ ವೇಗವನ್ನು ಕಂಡು, ಯಾರೋ ದೊಡ್ಡವರೇ ಇರಬೇಕೆಂದು ಸೆಲ್ಯೂಟ್ ಹೊಡೆದು ದಾರಿ ಬಿಟ್ಟನು. ಅಲ್ಲಿಗೆ ಪಥ ಮುಗಿಯಿತು. ರವಾನೆ ಅಕ್ಕನವರು ಮುಗಿಯಲಿಲ್ಲ. ಮುಖ್ಯರಸ್ತೆಗೆ ತಿರುಗಿ ಕಣ್ಮರೆಯಾದರು.

ಮಾನ್ಯ ಅತಿಥಿಗಳು ಇದೇ ಉದ್ಘಾಟನೆ ಎಂದು ಭಾವಿಸಿ, ಕತ್ತರಿಯನ್ನು ಕಂಕುಳಲ್ಲಿಟ್ಟುಕೊಂಡು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದರು. ಹೀಗಾಗಿ ಪಥವನ್ನು ಉದ್ಘಾಟಿಸಲಾಗಿದೆ ಎಂದು ಪರಿಗಣಿಸಲಾಯಿತು.

೧೨. ರವಾನೆ ಅಕ್ಕನವರು ಮಧ್ಯಾಹ್ನಕ್ಕೂ ಬರಲಿಲ್ಲ. ಅವರ ಮೇಜಿನ ಮೇಲೆ ಊಟದ ಡಬ್ಬಿ ಹಾಗೆಯೇ ಇತ್ತು. ದರ್ಜಿಯವರು ಗೇಟಿನ ಬಳಿ ನಿಂತು, ಕೊರಳಿನ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ, “ನಾನು ಬಿಡ್ಬಾರ್ದಿತ್ತು, ನಾನು ಬಿಡ್ಬಾರ್ದಿತ್ತು” ಎಂದು ಎಲ್ಲರಿಗೂ ಹೇಳಿದರು. ಲೆಕ್ಕಶಾಖೆಯ ಗುಮಾಸ್ತರು ತಾವಾಗಿಯೇ ಆಸ್ಪತ್ರೆಗೆ ಹೋಗಿ ವಿಚಾರಿಸಿ ಬಂದರು. ಬಂದ ಮೇಲೆ ಯಾರೊಡನೆಯೂ ತಮಾಷೆ ಮಾಡಲಿಲ್ಲ. ಅಧೀಕ್ಷಕರು ಐದಾರು ಬಾರಿ ಅಕ್ಕನವರ ಕಿಟಕಿಯ ಬಳಿ ಹೋಗಿ ನೋಡಿರುತ್ತಾರೆ. ಆ ಕಿಟಕಿಯಿಂದ ಬೀದಿ ಅಷ್ಟು ದೂರದವರೆಗೆ ಕಾಣುತ್ತದೆಂಬುದು ಅಂದು ಅವರ ಗಮನಕ್ಕೆ ಬಂದಿರುತ್ತದೆ.

ಕಚೇರಿ ಮುಚ್ಚುವ ಹೊತ್ತಿಗೆ ರವಾನೆ ಅಕ್ಕನವರು ಒಂದನೇ ಗೇಟಿನ ಮೂಲಕ ಒಳಬಂದು, ಬ್ರೇಕ್ ಹಿಡಿದು, ಎಡಗಾಲು ನೆಲಕ್ಕೂರಿ, ಇಳಿದು, ಸ್ಟ್ಯಾಂಡ್ ಹಾಕಿ, ಹಾಜರಾತಿ ಪುಸ್ತಕ ಕೇಳಿದರು. ಮುಖ ಬಿಸಿಲಿಗೆ ಕೆಂಪಾಗಿತ್ತು. ಎಲ್ಲರೂ ಒಟ್ಟಿಗೆ ಮಾತನಾಡಿದ್ದರಿಂದ ಯಾರು ಏನು ಹೇಳಿದರೆಂದು ದಾಖಲಿಸಲು ಸಾಧ್ಯವಾಗಿಲ್ಲ. ದರ್ಜಿಯವರು ಮಾತ್ರ ಸೈಕಲ್ಲಿನ ಸೀಟನ್ನು ಮುಟ್ಟಿ ನೋಡಿದರು.

೧೩. ಮರುದಿನ ಮಾನ್ಯ ನಿರ್ದೇಶಕರ ಕೊಠಡಿಯಲ್ಲಿ ವಿಚಾರಣೆ ನಡೆಯಿತು. ಅಧೀಕ್ಷಕರು ಮುಂಚಿತವಾಗಿಯೇ ರವಾನೆ ಅಕ್ಕನವರನ್ನು ಪಕ್ಕಕ್ಕೆ ಕರೆದು, “ಇಳಿಯೋಕೆ ಬರ್ತಿರ್ಲಿಲ್ಲ ಅಂದ್ಬಿಡಿ ಅಕ್ಕಾ. ಮುಗಿದುಹೋಗುತ್ತೆ” ಎಂದು ಸಲಹೆ ನೀಡಿದ್ದರು. ಸಲಹೆಯನ್ನು ಪಾಲಿಸಲಾಗಿಲ್ಲ. ಹೇಳಿಕೆಯನ್ನು ಯಥಾವತ್ತಾಗಿ ಇಲ್ಲಿ ನೀಡಲಾಗಿದೆ:

“ಗೇಟಿನ ಹತ್ರ ಇಳಿಯೋಕೆ ಬರ್ತಿರ್ಲಿಲ್ಲ ಸಾರ್, ಅದು ನಿಜ. ಮುಂದೆ ನಾಲೆಯ ಸೇತುವೆ ಏರು ಸಿಕ್ತಲ್ಲ, ಅಲ್ಲಿ ತಾನಾಗೇ ನಿಧಾನ ಆಯ್ತು. ಕಾಲು ಕೆಳಗಿಟ್ಟೆ. ನಿಂತೆ. ಓ, ಇಷ್ಟೇನಾ ಅನ್ನಿಸ್ತು. ಅಲ್ಲಿಂದ ವಾಪಸ್ ಬರ್ಬಹುದಿತ್ತು. ಬರ್ಬೇಕು ಅಂತಾನೇ ಸೈಕಲ್ ತಿರುಗಿಸ್ದೆ. ಅಷ್ಟರಲ್ಲಿ ಸೇತುವೆ ಆಚೆ ಒಂದು ಬೋರ್ಡು ಕಾಣಿಸ್ತು. ನೀರು ಸರಬರಾಜು ಉಪಕೇಂದ್ರ, ಕೆರೆ ಹಿಂಭಾಗ. ಸಾರ್, ಆ ವಿಳಾಸ ನಾನು ನನ್ನ ಕೈಯಾರೆ ಎಷ್ಟು ಸಾವಿರ ಸಲ ಬರೆದಿದ್ದೀನೋ! ಒಂದ್ಸಲಾನೂ ನೋಡಿರ್ಲಿಲ್ಲ. ಅಲ್ಲಿ ನಿಜವಾಗ್ಲೂ ಒಂದು ಕೆರೆ ಇದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಬರೀ ಅಕ್ಷರ ಅಂದ್ಕೊಂಡಿದ್ದೆ. ನೋಡ್ಕೊಂಡು ಬರೋಣ ಅಂತ, ಸೇತುವೆ ಇಳಿಜಾರಲ್ಲಿ ಕಾಲಿಂದ ತಳ್ಕೊಂಡು ನಾನೇ ಮತ್ತೆ ಹತ್ತಿದೆ. ಅದಾದ್ಮೇಲೆ ಹಳೇ ಗಿರಣಿ ಎದುರಿನ ವಿಭಾಗ ಕಚೇರಿ. ಗಿರಣಿ ಇಲ್ಲ ಸಾರ್ ಈಗ, ಬರೀ ಚಿಮಣಿ ಇದೆ, ಅದರ ತುದೀಲಿ ಒಂದು ಗಿಡ ಬೆಳೆದಿದೆ. ಹೀಗೇ ಒಂದಾದ್ಮೇಲೊಂದು. ಇಳಿಯೋಕೆ ಬರ್ತಿತ್ತು ಸಾರ್. ಮನಸ್ಸಾಗ್ಲಿಲ್ಲ.”

೧೪. ಹೇಳಿಕೆಯ ನಂತರ ನಿರ್ದೇಶಕರು ಅಧೀಕ್ಷಕರ ಮುಖವನ್ನೂ, ಅಧೀಕ್ಷಕರು ನಿಯಮಾವಳಿಯನ್ನೂ ನೋಡಿದರು. ಮನಸ್ಸಾಗದಿರುವಿಕೆಯು ಸಾಂದರ್ಭಿಕ ರಜೆಗೂ ಗಳಿಕೆ ರಜೆಗೂ ಒಳಪಡುವುದಿಲ್ಲ. ಅನಾರೋಗ್ಯವೆನ್ನಲು, ಸದರಿಯವರು ಹಿಂದೆಂದಿಗಿಂತಲೂ ಆರೋಗ್ಯವಾಗಿ ಕಂಡುಬಂದರು. ನೆಲಮಾಳಿಗೆಗೆ ಕಳುಹಿಸೋಣವೆಂದರೆ, ಅದು ತುಳಿಯಲು ಬಾರದವರಿಗೆ ಮೀಸಲು. ಇದಲ್ಲದೆ ಮಾನ್ಯ ಅತಿಥಿಗಳು ಅಂದೇ ದೂರವಾಣಿ ಮಾಡಿ, “ಆ ಅಮ್ಮ ನಿಲ್ಲಿಸ್ದೆ ಹೋದ್ರಲ್ಲ, ಅದನ್ನ ಎಲ್ಲಾ ಕಡೆ ಮಾಡ್ಸಿ” ಎಂದು ಮೆಚ್ಚುಗೆ ಸೂಚಿಸಿದ್ದರು.

ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿ, ರವಾನೆ ಅಕ್ಕನವರಿಗೆ ಈ ಕೆಳಕಂಡ ದಂಡನೆಯನ್ನು ವಿಧಿಸಲಾಯಿತು: ಇನ್ನು ಮುಂದೆ ಊರೊಳಗಿನ ಕಚೇರಿಗಳ ಟಪಾಲನ್ನು ಅಂಚೆಗೆ ಹಾಕದೆ, ಸದರಿಯವರೇ ಸೈಕಲ್ಲಿನಲ್ಲಿ ಖುದ್ದಾಗಿ ತಲುಪಿಸತಕ್ಕದ್ದು.

“ಇದು ಶಿಕ್ಷೆ,” ಎಂದು ನಿರ್ದೇಶಕರು ಒತ್ತಿ ಹೇಳಿದರು.

“ಹೂಂ ಸಾರ್. ಎಲ್ಲಿವರ್ಗೂ ಸಾರ್ ಶಿಕ್ಷೆ?”

“ಮುಂದಿನ ಆದೇಶದವರೆಗೆ.”

ರವಾನೆ ಅಕ್ಕನವರು ತಲೆ ತಗ್ಗಿಸಿದರು. ಅಳುತ್ತಿದ್ದಾರೆಂದು ಭಾವಿಸಿ ನಿರ್ದೇಶಕರು ನೀರು ತರಿಸಿದರು. ಅಳುತ್ತಿರಲಿಲ್ಲವೆಂದು, ಪಕ್ಕದಿಂದ ನೋಡಿದ ಅಧೀಕ್ಷಕರಿಗೆ ತಿಳಿದಿದೆ. ನಿರ್ದೇಶಕರಿಗೆ ತಿಳಿಸಿರುವುದಿಲ್ಲ.

೧೫. ಮೇಲ್ಕಂಡ ಅನುಭವದ ಹಿನ್ನೆಲೆಯಲ್ಲಿ ಈ ಮೂಲಕ ಎಲ್ಲ ಸಿಬ್ಬಂದಿಗೆ ಸೂಚಿಸುವುದೇನೆಂದರೆ:

(ಅ) ಸೈಕಲ್ ಏರುವ ಪ್ರತಿಯೊಬ್ಬರೂ ಇಳಿಯುವ ಉದ್ದೇಶ ಹೊಂದಿರತಕ್ಕದ್ದು. ಉದ್ದೇಶವು ದಾರಿಯಲ್ಲಿ ಬದಲಾದಲ್ಲಿ ಮೊದಲು ಸಿಗುವ ದೂರವಾಣಿಯಿಂದ ತಿಳಿಸತಕ್ಕದ್ದು. ಮನೆಯವರು ಗಾಬರಿಯಾಗುತ್ತಾರೆ.

(ಆ) ಬೆಲ್ಲನ್ನು ಬ್ರೇಕಿನ ಬದಲಿಗೆ ಬಳಸತಕ್ಕದ್ದಲ್ಲ. ಅಂದು ಅದು ಕೆಲಸ ಮಾಡಿದ್ದು ಎದುರಿಗಿದ್ದವರ ಸಹಕಾರದಿಂದ ಮಾತ್ರ.

(ಇ) ಸೈಕಲ್ ಹಿಡಿದುಕೊಂಡಿರುವ ಹೊರಗಿನವರಿಗೆ “ಬಿಡ್ರೀ” ಎಂದು ಹೇಳುವ ಮೊದಲು, ಬಿಟ್ಟರೆ ಏನಾಗುತ್ತದೆಂದು ಅಧೀಕ್ಷಕರು ಯೋಚಿಸತಕ್ಕದ್ದು.

(ಈ) ಸೈಕಲ್ಲನ್ನು ತಳ್ಳಿಕೊಂಡು ಬರುವವರನ್ನು ಕಂಡು ನಗುವವರು, ತಾವು ಸ್ವತಃ ಹೇಗೆ ಬಂದರೆಂಬುದನ್ನು ಲಿಖಿತವಾಗಿ ತಿಳಿಸತಕ್ಕದ್ದು.

(ಉ) ಕಾರಿನ ಮೇಲಿರುವ ಸೈಕಲ್ಲುಗಳಿಗೂ ಕಂಡಿಕೆ (ಅ) ಅನ್ವಯಿಸುತ್ತದೆ. ಗಂಟು ಈವರೆಗೂ ಬಿಚ್ಚಿಲ್ಲವೆಂದು ವರದಿಯಾಗಿದೆ.

೧೬. ಟಪಾಲು ಚೀಲವು ದಾಸ್ತಾನಿನಲ್ಲಿ ಇಲ್ಲದ ಕಾರಣ, ದರ್ಜಿಯವರು ದಪ್ಪ ಬಟ್ಟೆಯಲ್ಲಿ ಒಂದನ್ನು ಹೊಲಿದುಕೊಟ್ಟಿದ್ದು, ಹೆಚ್ಚಿಗೆ ಒಂದು ಜೇಬನ್ನು ಇಟ್ಟಿರುತ್ತಾರೆ. ಅದು ಊಟದ ಡಬ್ಬಿಗೆ. ಸದರಿ ಜೇಬಿಗೆ ಇಲಾಖೆಯ ಆಕ್ಷೇಪಣೆ ಇರುವುದಿಲ್ಲ.

೧೭. ಕಂಡಿಕೆ ೧೪ರಲ್ಲಿ ಹೇಳಲಾದ ‘ಮುಂದಿನ ಆದೇಶ’ವನ್ನು ಹೊರಡಿಸುವ ಯಾವುದೇ ಪ್ರಸ್ತಾವನೆ ಅಧೀಕ್ಷಕರ ಮೇಜಿನ ಮೇಲೆ ಇಲ್ಲ. ಬಂದರೂ ಅದು ಮೇಲೆ ಹೋಗುವ ಸಾಧ್ಯತೆ ಕಡಿಮೆ.

ಈ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು. ತಪ್ಪಿದಲ್ಲಿ ಕಂಡಿಕೆ ೧೪ರ ಶಿಕ್ಷೆಯನ್ನು ನೀಡಲಾಗುವುದಿಲ್ಲ. ಅದಕ್ಕೆ ಈಗಾಗಲೇ ಟೈಪಿಸ್ಟ್ ಸೇರಿದಂತೆ ಹಲವರು ಅರ್ಜಿ ಹಾಕಿರುತ್ತಾರೆ.

(ಸಹಿ)
ಅಧೀಕ್ಷಕರು,
ಸೈಕಲ್ ಉತ್ತೇಜನಾ ಶಾಖೆ,
ನಿರ್ದೇಶಕರ ಪರವಾಗಿ (ನಿರ್ದೇಶಕರು ಕಾರಿನ ಬಳಿ ಇದ್ದಾರೆ)

ಪ್ರತಿಗಳು:
೧. ಮಾನ್ಯ ಅತಿಥಿಗಳ ಆಪ್ತ ಸಹಾಯಕರಿಗೆ, ಕತ್ತರಿಯನ್ನು ಹಿಂದಿರುಗಿಸುವ ಕೋರಿಕೆಯೊಂದಿಗೆ.
೨. ನಿರ್ದೇಶಕರ ಕಾರು ಚಾಲಕರಿಗೆ, ಹಗ್ಗ ಕತ್ತರಿಸಲು ಅನುಮತಿ ಕೋರಿ ಅವರು ಸಲ್ಲಿಸಿದ ಮನವಿಯು ಪರಿಶೀಲನೆಯಲ್ಲಿದೆ ಎಂಬ ಹಿಂಬರಹದೊಂದಿಗೆ.
೩. ವಿದ್ಯುತ್ ಇಲಾಖೆಗೆ, ತಮ್ಮ ಕಂಬ ಈಗ ಹಸಿರಾಗಿದೆ ಎಂಬ ಮಾಹಿತಿಗಾಗಿ.
೪. ಗೇಟಿನ ಕಾವಲುಗಾರನಿಗೆ. ಸೆಲ್ಯೂಟ್ ಹಿಂಪಡೆಯುವ ಅಗತ್ಯವಿಲ್ಲ.
೫. ರವಾನೆ ಅಕ್ಕನವರ ಅತ್ತೆಯವರ ಅವಗಾಹನೆಗೆ, “ಬಿಡೋ” ಎಂಬ ತಮ್ಮ ಮೌಖಿಕ ಆದೇಶಕ್ಕೆ ಘಟನೋತ್ತರ ಮಂಜೂರಾತಿ ನೀಡಲಾಗಿದೆ. ಸೊಸೆಯೇ ಓದಿ ಹೇಳುವುದು.
೬. ಕಚೇರಿ ಪ್ರತಿ / ಹೆಚ್ಚುವರಿ ಪ್ರತಿ.
೭. ಊರೊಳಗಿನ ಎಲ್ಲ ಅಧೀನ ಕಚೇರಿಗಳಿಗೆ, ರವಾನೆ ಶಾಖೆಯ ಮೂಲಕ. ಬಟವಾಡೆಯನ್ನು ಎಲ್ಲಕ್ಕಿಂತ ದೂರದ ಕಚೇರಿಯಿಂದ ಆರಂಭಿಸಲು ಸದರಿಯವರು ಕೋರಿದ್ದು, ಕೋರಿಕೆಯನ್ನು ಒಪ್ಪಲಾಗಿದೆ.